ಮೀಸೆ ಮೀನಿನ ಕಾಯಿಲೆ: ಮೊದಲು ನೀರು, ಆಮೇಲೆ ಮೀನು, ಕೊನೆಗೆ ಔಷಧಿ

ಚಿಂಚೋಳಿಗೆ ಹೊಂದಿಕೊಂಡ ಚಂದಾಪುರದಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗಿನ ಸೀಮೆ ತೊಗರಿಗೂ ಹಾಸುಗಲ್ಲಿಗೂ ಹೆಸರಾದುದು. ಮನೆಯ ಪಡಸಾಲೆಯ ಗಾಜಿನ ತೊಟ್ಟಿಯಲ್ಲಾಗಲಿ, ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಾಗಲಿ ಇಲ್ಲಿ ಮೀನು ಸಾಕುವವರು ಸುಣ್ಣಕಲ್ಲಿನ ನೆಲದ ಗಡಸು ನೀರನ್ನೇ ಬಳಸಬೇಕಾಗುತ್ತದೆ. ಅಂಗಡಿಯವರು ಕ್ಯಾಟ್‌ಫಿಶ್ ಎಂದು ಕರೆಯುವ ಮೀಸೆ ಮೀನುಗಳು ಗಟ್ಟಿ ಜೀವಿಗಳೆಂಬ ನಂಬಿಕೆಯಿಂದ ಅನೇಕರು ಇವನ್ನೇ ಆರಿಸಿಕೊಳ್ಳುತ್ತಾರೆ.

ಮೀನು ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡ ಕೂಡಲೇ ತೊಟ್ಟಿಗೆ ಔಷಧಿ ಸುರಿಯುವುದು ರೂಢಿಯಾಗಿದೆ. ಆದರೆ ಎಷ್ಟೋ ಸಲ ಆ ನಡವಳಿಕೆ ಮೀನಿನ ಸಹಜ ಗುಣವಾಗಿರುತ್ತದೆ, ಇಲ್ಲವೆ ದೋಷ ನೀರಿನಲ್ಲಿರುತ್ತದೆ. ಆಗ ಹಾಕಿದ ಔಷಧಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಆದ್ದರಿಂದ ಲಕ್ಷಣಗಳನ್ನು ಕ್ರಮವಾಗಿ ಓದುವುದನ್ನು ಕಲಿಯುವುದು ಅಗತ್ಯ.

ಸಹಜ ನಡವಳಿಕೆ ಯಾವುದು?

ಮೀಸೆ ಮೀನುಗಳಲ್ಲಿ ಬಹುಪಾಲು ರಾತ್ರಿ ಸಂಚಾರಿಗಳು. ಹಗಲು ಕಲ್ಲಿನ ಸಂದಿಯಲ್ಲಿ ಅಲ್ಲಾಡದೆ ಮಲಗಿ, ದೀಪ ಆರಿದ ಮೇಲೆ ಮೇವು ಹುಡುಕುವುದು ಅವುಗಳ ಸ್ವಭಾವ. ಇದನ್ನು ಮಂಕು ಎಂದು ತಿಳಿಯಬಾರದು. ಆಫ್ರಿಕಾದ ಕಾಂಗೋ ನದಿ ಪ್ರದೇಶದ ಒಂದು ಜಾತಿಯಂತೂ ಹೊಟ್ಟೆ ಮೇಲಾಗಿಯೇ ಈಜುತ್ತದೆ. ಅದನ್ನು ಕಂಡು ಹೆದರಬೇಕಾಗಿಲ್ಲ. ಬೇರೆ ಮೀಸೆ ಮೀನು ಹೀಗೆ ಮಗುಚಿ ತೇಲಿದರೆ ಮಾತ್ರ ಅದು ಅಪಾಯದ ಚಿಹ್ನೆ.

ಹೆಚ್ಚು ಗೊಂದಲ ಹುಟ್ಟಿಸುವುದು ಮೀನು ಮೇಲೇರಿ ಗಾಳಿ ನುಂಗುವ ಕ್ರಿಯೆ. ಗೆಂಡೆ ಜಾತಿಯ ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಆಡಿಸಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ರೈತರು ಬಲ್ಲರು. ಈ ನಿಯಮ ಮೀಸೆ ಮೀನಿಗೆ ನೇರವಾಗಿ ಹೊಂದುವುದಿಲ್ಲ. ನಮ್ಮ ನಾಡಿನ ಮುರುಗೋಡು ಮೀನಿಗೆ ಕಿವಿರುಗಳ ಮೇಲೆ ಗಿಡದ ಕೊಂಬೆಯಂತೆ ಕವಲೊಡೆದ ಉಸಿರಾಟದ ಅಂಗವಿದೆ. ಚೇಳು ಮೀನಿಗೆ ಬೆನ್ನಿನ ಸ್ನಾಯುಗಳೊಳಗೆ ಹಿಂದಕ್ಕೆ ಚಾಚಿದ ಎರಡು ಗಾಳಿ ಚೀಲಗಳಿವೆ. ಅಂಗಡಿಯ ಪುಟ್ಟ ಕೋರಿಡೋರಾಸ್ ಮೀನು ಗಾಳಿಯನ್ನು ನುಂಗಿ ಕರುಳಿನಿಂದ ಹೀರಿಕೊಳ್ಳುತ್ತದೆ. ಗಾಜಿಗೆ ಬಾಯಿ ಕಚ್ಚಿಕೊಂಡಿರುವ ಸಕ್ಕರ್ ಮೀನು ಹೊಟ್ಟೆಯಿಂದಲೇ ಈ ಕೆಲಸ ಮಾಡಬಲ್ಲದು.

ಮುರುಗೋಡು ಮತ್ತು ಚೇಳು ಮೀನುಗಳನ್ನು ಮೇಲೆ ಬಾರದಂತೆ ತಡೆದರೆ ಒಳ್ಳೆಯ ನೀರಿನಲ್ಲಿಯೂ ಅವು ಉಸಿರುಗಟ್ಟಿ ಸಾಯುತ್ತವೆ. ಹೀಗಾಗಿ ತೊಟ್ಟಿಯನ್ನು ಕಂಠದವರೆಗೆ ತುಂಬದೆ, ಮುಚ್ಚಳದ ಕೆಳಗೆ ನಾಲ್ಕು ಬೆರಳಿನಷ್ಟು ಗಾಳಿಗೆ ಜಾಗ ಬಿಡಬೇಕು. ಇವು ಹಾರುವ ಮೀನುಗಳಾದ್ದರಿಂದ ಮುಚ್ಚಳವೂ ಬೇಕು.

ಆದರೆ ಇದರಲ್ಲಿಯೇ ಒಂದು ಮೋಸವಿದೆ. ಗಾಳಿ ನುಂಗುವ ಮೀನು ಕೆಟ್ಟ ನೀರಿನಲ್ಲಿಯೂ ಹಲವು ದಿನ ಬದುಕಿರುತ್ತದೆ. ಮೀನು ಸತ್ತಿಲ್ಲವೆಂಬುದು ನೀರು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಆರೋಗ್ಯವಾಗಿರುವಾಗ ಮೀನು ಹದಿನೈದು ನಿಮಿಷದಲ್ಲಿ ಎಷ್ಟು ಸಲ ಮೇಲೆ ಬರುತ್ತದೆ ಎಂದು ಬೆಳಿಗ್ಗೆ ಮತ್ತು ಸಂಜೆ ಎಣಿಸಿ ಬರೆದಿಡಬೇಕು. ಆ ಎಣಿಕೆ ಒಮ್ಮೆಲೇ ಇಮ್ಮಡಿ ಮುಮ್ಮಡಿಯಾದರೆ ಏನೋ ಕೆಟ್ಟಿದೆ ಎಂದು ತಿಳಿಯಬೇಕು.

ಮೊದಲು ನೀರನ್ನು ಪರೀಕ್ಷಿಸಿ

ಮೀನಿನ ಮಲ ಮತ್ತು ಉಳಿದ ಮೇವು ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಇದು ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಹೆಚ್ಚು ವಿಷಕಾರಿ, ಇನ್ನೊಂದು ಅಷ್ಟಾಗಿ ಅಲ್ಲ. ಯಾವ ರೂಪ ಎಷ್ಟು ಎಂಬುದನ್ನು ಮುಖ್ಯವಾಗಿ ನೀರಿನ ರಸಸಾರ ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರಸಸಾರ 7 ಇದ್ದರೆ ಒಟ್ಟು ಅಮೋನಿಯಾದ ನೂರು ಪಾಲಿನಲ್ಲಿ ಸುಮಾರು ಅರ್ಧ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ರಸಸಾರ 8 ಆದರೆ ಇದು ಸುಮಾರು 5 ಪಾಲು, 9 ಆದರೆ ಸುಮಾರು 36 ಪಾಲು ಆಗುತ್ತದೆ.

ಹಾಸುಗಲ್ಲಿನ ಸೀಮೆಯವರು ಹೆಚ್ಚು ಎಚ್ಚರ ವಹಿಸಬೇಕಾದ ಕಾರಣ ಇದೇ. ಸುಣ್ಣದಂಶದ ನೀರು ಕ್ಷಾರದ ಕಡೆಗೆ ವಾಲಿರುತ್ತದೆ. ಮಳೆನೀರಿನ ತೊಟ್ಟಿಯಲ್ಲಿ ಸಹಿಸಬಹುದಾದಷ್ಟೇ ಕೊಳೆ ಇಲ್ಲಿ ಹಲವು ಪಟ್ಟು ವಿಷವಾಗುತ್ತದೆ. ಅಂದಕ್ಕೆಂದು ಶಹಾಬಾದ್ ಕಲ್ಲಿನ ಚೂರುಗಳನ್ನು ತೊಟ್ಟಿಯಲ್ಲಿ ಹಾಕಿದರೆ ಗಡಸುತನ ಇನ್ನೂ ಏರಬಹುದು. ಕಲ್ಲಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದಾಗ ನೊರೆಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು.

ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. 20 ಡಿಗ್ರಿಯ ನೀರು ಪ್ರತಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯಬಲ್ಲದು. ಬಿಸಿ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ.

ಆಗತಾನೆ ಎತ್ತಿದ ಕೊಳವೆ ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಬಹುದು. ಇಂಥ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ಇಟ್ಟು, ಗಾಳಿ ಪಂಪು ಹಾಯಿಸಿ ನಂತರ ಬಳಸಬೇಕು.

ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ಅರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ನೈಟ್ರೈಟ್ ಎಂಬ ಇನ್ನೊಂದು ವಿಷವೂ ಸೇರುತ್ತದೆ. ಆಗ ಮೀನಿನ ರಕ್ತ ಆಮ್ಲಜನಕ ಹೊರಲಾರದೆ ಕಿವಿರು ಕೆಂಪು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ.

ನಡವಳಿಕೆಯಿಂದ ತಿಳಿಯುವುದು

ಹೊರಗಿನಿಂದಲೇ ಹತ್ತು ನಿಮಿಷ ಸುಮ್ಮನೆ ನೋಡಿದರೆ ಮೀನು ಬಹಳಷ್ಟನ್ನು ಹೇಳುತ್ತದೆ.

1. ಎಲ್ಲ ಮೀನುಗಳೂ ಒಂದೇ ದಿನ ಅಸ್ವಸ್ಥವಾದರೆ ನೀರಿನ ದೋಷವನ್ನು ಶಂಕಿಸಬೇಕು. ಒಂದೆರಡರಿಂದ ಆರಂಭವಾಗಿ ಮೆಲ್ಲಗೆ ಹರಡಿದರೆ ಅಂಟು ರೋಗದ ಸಾಧ್ಯತೆ ಹೆಚ್ಚು.

2. ಮೀನು ಕಲ್ಲಿಗೆ, ಮರಳಿಗೆ ಮೈ ಉಜ್ಜಿಕೊಳ್ಳುತ್ತಿದ್ದರೆ ಚರ್ಮದ ಪರೋಪಜೀವಿ ಅಥವಾ ಅಮೋನಿಯಾದ ಉರಿ ಕಾರಣವಾಗಿರಬಹುದು.

3. ಕಿವಿರು ಮುಚ್ಚಳ ಬೇಗಬೇಗ ಆಡುತ್ತಿದ್ದರೆ ಕಿವಿರಿಗೆ ಪೆಟ್ಟಾಗಿರಬಹುದು.

4. ತಲೆ ಮೇಲೆ, ಬಾಲ ಕೆಳಗೆ ಮಾಡಿ ನಿಂತು, ಒಮ್ಮೆಲೇ ಬುಗುರಿಯಂತೆ ಸುತ್ತಿದರೆ ರೋಗ ಮಿದುಳಿಗೆ ಏರಿರಬಹುದು. ಅಮೆರಿಕದ ಚಾನೆಲ್ ಮೀಸೆ ಮೀನಿನಲ್ಲಿ ಎಡ್ವರ್ಡ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಇಂಥ ಲಕ್ಷಣ ಕಾಣುತ್ತದೆ.

5. ಅಂಗಡಿಯಲ್ಲಿ ಶಾರ್ಕ್ ಎಂದು ಮಾರುವ ಪಂಗಾಸಿಯಸ್ ಮರಿ ಬೆದರಿ ಗಾಜಿಗೆ ಮೂತಿ ಬಡಿದುಕೊಳ್ಳುವುದು ಹೆಚ್ಚಾಗಿ ಇಕ್ಕಟ್ಟಿನಿಂದ ಮತ್ತು ಒಂಟಿತನದಿಂದ. ಇದು ಒಂದು ಮೀಟರಿನಾಚೆಗೂ ಬೆಳೆಯಬಲ್ಲ ನದಿ ಮೀನು. ಚಿಕ್ಕ ಗಾಜಿನ ತೊಟ್ಟಿಗೆ ತಕ್ಕುದಲ್ಲ.

ಮೈಮೇಲಿನ ಚಿಹ್ನೆಗಳು

ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದರೆ ಅದು ಬಿಳಿ ಚುಕ್ಕೆ ರೋಗ. ಚಳಿಗಾಲದಲ್ಲಿ ನೀರು ಹಠಾತ್ತನೆ ತಣ್ಣಗಾದಾಗ ಹೆಚ್ಚು. ಇದರ ಜೀವಿ ಚರ್ಮದೊಳಗಿರುವಾಗ ಔಷಧಿ ಅದನ್ನು ಮುಟ್ಟುವುದಿಲ್ಲ. ನೀರಿನಲ್ಲಿ ಈಜುವ ಮರಿ ಹಂತದಲ್ಲಿ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾದ ಮೇಲೂ ಚಿಕಿತ್ಸೆಯನ್ನು ಕೆಲವು ದಿನ ಮುಂದುವರಿಸಬೇಕು.

ಬೆನ್ನಿನ ಮೇಲೆ ಜೀನು ಹಾಕಿದಂತೆ ಮಾಸಲು ಬಿಳಿ ಪಟ್ಟೆ, ಬಾಯಿಯ ಸುತ್ತ ಹತ್ತಿಯಂಥ ಪದರ ಕಂಡರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗವಾಗಿರಬಹುದು. ನೋಟಕ್ಕೆ ಶಿಲೀಂಧ್ರದಂತಿರುವುದರಿಂದ ತಪ್ಪು ಔಷಧಿ ಹಾಕುವುದುಂಟು. ಬಿಸಿ ನೀರು ಈ ರೋಗವನ್ನು ಬೆಳೆಸುತ್ತದೆ. ಬಿಳಿ ಚುಕ್ಕೆ ರೋಗಕ್ಕೆ ನೀರನ್ನು ಮೆಲ್ಲಗೆ 30 ಡಿಗ್ರಿಗೆ ಏರಿಸುವುದು ಒಳ್ಳೆಯದು; ಅದೇ ಉಪಾಯ ಇಲ್ಲಿ ಹಾನಿಕರ. ರೋಗ ಗುರುತಿಸದೆ ಚಿಕಿತ್ಸೆ ಮಾಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮೀಸೆಗಳು ಸವೆದು ಮೋಟಾಗಿದ್ದರೆ ತೊಟ್ಟಿಯ ತಳದ ಕೊಳೆಯನ್ನು ನೋಡಬೇಕು. ಹೊಟ್ಟೆ ಉಬ್ಬಿ ಮೈಮೇಲೆ ಕೆಂಪು ಕಲೆ ಎದ್ದರೆ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರಬಹುದು. ಆಳವಾದ ಹುಣ್ಣುಗಳಾದರೆ 1988ರಲ್ಲಿ ಭಾರತದ ಈಶಾನ್ಯ ಭಾಗದಲ್ಲಿ ಕಾಣಿಸಿಕೊಂಡು ಇತರ ರಾಜ್ಯಗಳಿಗೆ ಹರಡಿದ ಹುಣ್ಣು ರೋಗವನ್ನೂ ನೆನಪಿನಲ್ಲಿಡಬೇಕು. ಬೆನ್ನು ಡೊಂಕಾದರೆ ಮೇವಿನಲ್ಲಿ ಸಿ ಜೀವಸತ್ವದ ಕೊರತೆ ಇರಬಹುದು. ತಗಡಿನ ಮಾಡಿನ ಕೆಳಗೆ ಬೇಸಿಗೆಯಿಡೀ ಕಾದ ಮೇವಿನಲ್ಲಿ ಈ ಸತ್ವ ಉಳಿಯುವುದಿಲ್ಲ.

ಹತೋಟಿ ಕ್ರಮಗಳು

ಮೊದಲು ಒಂದು ದಿನ ಮೇವು ನಿಲ್ಲಿಸಬೇಕು. ತಳದ ಕೊಳೆಯನ್ನು ಕೊಳವೆಯಿಂದ ಹೀರಿ ತೆಗೆದು, ಕಾಲು ಭಾಗ ನೀರನ್ನು ಅದೇ ಉಷ್ಣತೆಯ ತಂಗಿದ ನೀರಿನಿಂದ ಬದಲಿಸಬೇಕು. ಮರುದಿನ ಮತ್ತೆ ಕಾಲು ಭಾಗ. ಇಡೀ ನೀರನ್ನು ಒಮ್ಮೆಲೇ ಬದಲಿಸಬಾರದು. ಸೋಸುಕದ ಸ್ಪಂಜನ್ನು ನಲ್ಲಿಯ ಕೆಳಗಲ್ಲ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಇಲ್ಲವಾದರೆ ಉಪಕಾರಿ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ನೈಟ್ರೈಟ್ ಮತ್ತು ಬಿಳಿ ಚುಕ್ಕೆಗೆ ಅಡಿಗೆ ಉಪ್ಪು ಸಹಾಯಕ. ಉದ್ದ, ಅಗಲ ಮತ್ತು ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ನೀರು ಎಷ್ಟು ಲೀಟರ್ ಎಂದು ತಿಳಿಯುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 25 ಸೆಂ.ಮೀ. ನೀರು ಇದ್ದರೆ 45 ಲೀಟರ್. ಲೀಟರಿಗೆ 1 ಗ್ರಾಂನಂತೆ 45 ಗ್ರಾಂ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಕೋರಿಡೋರಾಸ್ ಮೀನಿಗೆ ಉಪ್ಪು ಅಷ್ಟಾಗಿ ಒಗ್ಗುವುದಿಲ್ಲವಾದ್ದರಿಂದ ಅರ್ಧ ಪ್ರಮಾಣದಿಂದ ಆರಂಭಿಸಬೇಕು.

ಮುರುಗೋಡು, ಚೇಳು ಮೀನು, ಪಂಗಾಸಿಯಸ್ ಇವುಗಳ ಮೈಗೆ ಹುರುಪೆಯಿಲ್ಲ. ಲೋಳೆಯೇ ಅವುಗಳ ಕವಚ. ಆದ್ದರಿಂದ ಬಣ್ಣದ ಔಷಧಿಗಳು ಇವಕ್ಕೆ ಬೇಗ ತಾಗುತ್ತವೆ. ತಿನ್ನುವ ಮೀನಿಗೆ ಮ್ಯಾಲಕೈಟ್ ಗ್ರೀನ್, ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳನ್ನು ಬಳಸುವಂತಿಲ್ಲ. ಪ್ರತಿಜೀವಕಗಳನ್ನು ತಜ್ಞರ ಸಲಹೆಯಿಲ್ಲದೆ ಕೊಡಬಾರದು.

ಹಿಡಿಯುವಾಗ ಎಚ್ಚರಿಕೆ

ಚೇಳು ಮೀನಿನ ಎದೆಮುಳ್ಳಿನಲ್ಲಿ ವಿಷವಿದೆ. ಬಲೆಯಲ್ಲಿ ಮುಳ್ಳು ಸಿಕ್ಕಿಕೊಳ್ಳುವುದರಿಂದ ಪಾತ್ರೆಯಲ್ಲಿ ನೀರಿನ ಸಮೇತ ಹಿಡಿಯುವುದು ಮೇಲು. ಚುಚ್ಚಿದರೆ ಸಹಿಸುವಷ್ಟು ಬಿಸಿ ನೀರಿನಲ್ಲಿ ಕೈಯನ್ನು ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿದರೆ ನೋವು ತಗ್ಗುತ್ತದೆ. ಆಮೇಲೆ ವೈದ್ಯರಿಗೆ ತೋರಿಸಬೇಕು.

ಪರೀಕ್ಷೆಗೆ ಕಳಿಸುವ ಬಗೆ

ಕಾಯಿಲೆ ನಿಲ್ಲದಿದ್ದರೆ ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬೇಕು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸತ್ತ ಮೀನು ಬೇಗ ಕೊಳೆಯುವುದರಿಂದ ಜೀವವಿರುವ ರೋಗದ ಮೀನನ್ನೇ ಒಯ್ಯಬೇಕು. ತೊಟ್ಟಿಯ ನೀರನ್ನು ಬೇರೆ ಸೀಸೆಯಲ್ಲಿ ಒಯ್ಯಬೇಕು. ಔಷಧಿ ಹಾಕಿದ್ದರೆ ಅದರ ಹೆಸರನ್ನೂ ಪ್ರಮಾಣವನ್ನೂ ಮುಚ್ಚಿಡದೆ ಹೇಳಬೇಕು.

ರೋಗದ ಮೀನನ್ನಾಗಲಿ, ಬೇಡವಾದ ಸಕ್ಕರ್ ಮೀನನ್ನಾಗಲಿ ಮುಲ್ಲಾಮಾರಿ ಹೊಳೆಗೆ, ಕೆರೆಗೆ ಅಥವಾ ನೀರು ನಿಂತ ಕಲ್ಲುಗಣಿಗೆ ಬಿಡುವುದು ದೊಡ್ಡ ಅನಾಹುತ. ಸಕ್ಕರ್ ಮೀನು ಭಾರತದ ಹಲವು ಜಲಾಶಯಗಳಲ್ಲಿ ಈಗಾಗಲೇ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ಸ್ಥಳೀಯ ಮೀನುಗಳನ್ನು ತಿಂದುಹಾಕುವ ಆಫ್ರಿಕನ್ ಮೀಸೆ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದೆ. ಮರಿ ಕೊಳ್ಳುವಾಗಲೇ ಜಾತಿಯನ್ನು ಖಚಿತಪಡಿಸಿಕೊಳ್ಳಬೇಕು. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಮೇಲೆಯೇ ಹಳೆಯವುಗಳೊಡನೆ ಬಿಡಬೇಕು. ಇಷ್ಟು ಪಾಲಿಸಿದರೆ ಔಷಧಿಯ ಸೀಸೆಗೆ ಕೈ ಹಾಕುವ ಪ್ರಸಂಗವೇ ಅಪರೂಪವಾಗುತ್ತದೆ.