ಹಬ್‌ನಲ್ಲಿ ಹುಟ್ಟುವ ಬೆಳಕು

ಕೊಳ್ಳೇಗಾಲದ ಸೈಕಲ್ ಶಾಪೊಂದರಲ್ಲಿ ಮೊನ್ನೆ ಕಂಡ ಚಕ್ರ ಇನ್ನೂ ತಲೆಯಲ್ಲಿ ತಿರುಗುತ್ತಲೇ ಇದೆ. ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಸವಾರರೊಬ್ಬರು ಪಂಕ್ಚರ್ ಹಾಕಿಸಲು ನಿಂತಿದ್ದರು. ಮುಂದಿನ ಚಕ್ರ ಬಿಚ್ಚಿದ ಮೇಸ್ತ್ರಿ, "ಇದೇನ್ ಸಾರ್, ಹಬ್ಬು ಇಷ್ಟೊಂದು ದಪ್ಪ?" ಎಂದರು. ಡೈನಮೋ ಇದ್ದದ್ದು ಚಕ್ರದ ನಡುವಿನ ಆ ಹಬ್ಬಿನೊಳಗೇ! ತಾಮ್ರದ ಸುರುಳಿ ಅಚ್ಚಿನ ಮೇಲೆ ಅಲುಗದೆ ಕೂತಿರುತ್ತದೆ. ಅಯಸ್ಕಾಂತಗಳ ಬಳೆ ಚಕ್ರದ ಜತೆ ಅದನ್ನು ಸುತ್ತುತ್ತದೆ. ಹುಟ್ಟುವುದು 6 ವೋಲ್ಟ್, 3 ವಾಟ್. ಇಂದಿನ ಎಲ್‌ಇಡಿಗೆ ಅಷ್ಟು ಧಾರಾಳ.

ಟೈರಿಗೆ ಒರಗಿಸುತ್ತಿದ್ದ ಹಳೇ ಡೈನಮೋ ಯಾರಿಗೆ ನೆನಪಿಲ್ಲ? ಮಳೆಗೆ ಜಾರುತ್ತಿತ್ತು, ತುಳಿತ ಭಾರವಾಗುತ್ತಿತ್ತು, ನಿಂತರೆ ಕತ್ತಲು. ಹಬ್ ಡೈನಮೋವನ್ನು ಇಂಗ್ಲೆಂಡಿನ ಸ್ಟರ್ಮಿ ಆರ್ಚರ್ 1936ರಲ್ಲೇ ತಂದಿತ್ತು. ಆದರೆ ಅಂದಿನ ಬಲ್ಬಿನ ಬೆಳಕು ಮಂಕು. ಈಗಿನ ಒಳ್ಳೆಯ ದೀಪಗಳಲ್ಲಿ ಪುಟ್ಟ ಕೆಪಾಸಿಟರ್ ಇದೆ. ಅದರಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಸವಾರ ನಿಂತ ಮೇಲೂ ಹಿಂದಿನ ಕೆಂಪು ದೀಪ ಕೆಲವು ನಿಮಿಷ ಉರಿಯುತ್ತದೆ. ನನ್ನ ಮಟ್ಟಿಗೆ ಇಡೀ ಸೈಕಲ್‌ನಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಇಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಸಾಗುವ ರಸ್ತೆಯಲ್ಲಿ ಮುಸ್ಸಂಜೆ ಸೈಕಲ್ ತುಳಿದವರಿಗೆ ಇದರ ಬೆಲೆ ಗೊತ್ತು.

ದೀಪವೊಂದೇ ಸಾಲದು. ಮಾದಪ್ಪನ ಬೆಟ್ಟದ ದಾರಿಯಲ್ಲಿ, ಹನೂರು ದಾಟಿ ತಾಳಬೆಟ್ಟದಿಂದಾಚೆಗಿನ ತಿರುವುಗಳಲ್ಲಿ ಡಿಸ್ಕ್ ಬ್ರೇಕೇ ಬೇಕು. ಇಳಿಜಾರಿನುದ್ದಕ್ಕೂ ರಬ್ಬರ್ ಬ್ರೇಕ್ ಕಟ್ಟೆ ರಿಮ್ಮನ್ನು ಉಜ್ಜಿದರೆ ರಿಮ್ ಕಾಯುತ್ತದೆ, ಒದ್ದೆಯಾದರೆ ಹಿಡಿತ ತಪ್ಪುತ್ತದೆ. ಡಿಸ್ಕ್ ಇರುವುದು ರಸ್ತೆಯ ಕೆಸರು ನೀರಿನಿಂದ ದೂರ, ಹಬ್ಬಿನ ಬಳಿ. ಇನ್ನು ಸವಾರಿಯ ಸುಖಕ್ಕೆ ದುಬಾರಿ ಕಾರ್ಬನ್ ಫ್ರೇಮ್ ಬೇಕೆಂಬ ಮಾತನ್ನು ನಾನು ನಂಬುವುದಿಲ್ಲ. 23 ಮಿಲಿಮೀಟರ್ ಟೈರ್ ತೆಗೆದು, ಜಾಗವಿದ್ದರೆ 32ರದ್ದು ಹಾಕಿ, ಗಾಳಿ ಸ್ವಲ್ಪ ಇಳಿಸಿ. ಸೊಂಟಕ್ಕೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಹೆಲ್ಮೆಟ್ಟನ್ನೂ ಮರೆಯಬೇಡಿ: ಅದರ ಒಳಗಿನ ಥರ್ಮಕೋಲಿನಂಥ ಪದರ ತಾನು ಜಜ್ಜಿಹೋಗಿ ತಲೆ ಉಳಿಸುತ್ತದೆ. ಹಾಗಾಗಿ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬಾರದು.

ಇವೆಲ್ಲ ಬೆಂಗಳೂರಿನಿಂದ ಬರುವ ಸವಾರರಿಗಷ್ಟೇ ಏಕೆ? ರಾಜ್ಯ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿತು. ಟ್ಯೂಷನ್ ಮುಗಿಸಿ ಯಳಂದೂರಿನ ಸುತ್ತಲಿನ ಹಳ್ಳಿಗಳಿಗೆ ಮರಳುವ ಮಕ್ಕಳ ಸೈಕಲ್‌ಗಳಲ್ಲಿ ನಾನು ದೀಪ ಕಂಡಿಲ್ಲ. ಹಬ್ ಡೈನಮೋ ಅವರ ಕೈಗೆಟುಕದ ಮಾತು, ನಿಜ. ಆದರೆ ಚಾರ್ಜ್ ಮಾಡುವ ಕೆಂಪು ದೀಪ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹೆತ್ತವರೇ, ಈ ವಾರವೇ ಒಂದು ಕೊಂಡು ಮಗುವಿನ ಸೈಕಲ್ಲಿನ ಕ್ಯಾರಿಯರ್ ಹಿಂದೆ ಕಟ್ಟಿಸಿ.