ಮೂರು ದೇಶಗಳ ಸರೋವರ, ಬೆಸ್ತರ ಹಳ್ಳಿ

2018ರ ಜೂನ್ 17ರಂದು, ಒಂದು ದೇಶದ ಹೆಸರಿನ ವ್ಯಾಜ್ಯ ಬಗೆಹರಿಯಿತೆಂಬ ವಾರ್ತೆಯನ್ನು ವಾಚಕರು ರೇಡಿಯೋದಲ್ಲಿ ಕೇಳಿರಬಹುದು. ಗ್ರೀಸಿನ ಕೋಟ್ಸಿಯಾಸ್, ನೆರೆನಾಡಿನ ದಿಮಿತ್ರೋವ್ ಎಂಬ ಇಬ್ಬರು ವಿದೇಶಾಂಗ ಮಂತ್ರಿಗಳು ರುಜು ಹಾಕಿದ ಸ್ಥಳ ರಾಜಧಾನಿಯಲ್ಲ. ಪ್ಸರಾದೆಸ್ ಎಂಬ ಪುಟ್ಟ ಹಳ್ಳಿ. ನೆರೆನಾಡಿನವರು ಅಂದು ಬಂದುದು ದೋಣಿಯಲ್ಲಿ. ಆ ದೇಶವೇ ಇಂದಿನ ಉತ್ತರ ಮ್ಯಾಸಿಡೋನಿಯ.

ಪ್ಸರಾದೆಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಬೆಸ್ತರು. ಅನ್ವರ್ಥವಾದ ಹೆಸರು, ಆದರೆ ಹಳೆಯದಲ್ಲ. ಮೊದಲು ಅದು ಸ್ಲಾವ್ ಮಾತಿನಲ್ಲಿ ನಿವಿತ್ಸಿ. 1912ರವರೆಗೆ ತುರ್ಕರ ಆಳಿಕೆಯಲ್ಲಿದ್ದ ಸೀಮೆ ಗ್ರೀಸಿಗೆ ಸೇರಿದ ಮೇಲೆ, 1920ರ ದಶಕದಲ್ಲಿ ಸರ್ಕಾರ ಊರೂರುಗಳ ಹೆಸರು ಬದಲಾಯಿಸಿತು. ಹೀಗೆ ತನ್ನ ಹೆಸರನ್ನೇ ಕಳೆದುಕೊಂಡ ಊರಿನಲ್ಲಿ ಇನ್ನೊಂದು ದೇಶದ ಹೆಸರು ತೀರ್ಮಾನವಾಯಿತು. ಪದಗಳ ಚರಿತ್ರೆಯನ್ನು ಪಾಠ ಹೇಳುವ ನನ್ನಂಥವನಿಗೆ ಇದು ಮರೆಯುವ ಸಂಗತಿಯಲ್ಲ.

ಹಳ್ಳಿಯಿರುವುದು ಸಮುದ್ರಮಟ್ಟಕ್ಕೆ ಸುಮಾರು 850 ಮೀಟರ್ ಎತ್ತರದಲ್ಲಿ, ಹಿರಿಯ ಪ್ರೆಸ್ಪಾ ಸರೋವರದ ದಡದಲ್ಲಿ. ಗ್ರೀಸ್, ಆಲ್ಬೇನಿಯ, ಉತ್ತರ ಮ್ಯಾಸಿಡೋನಿಯ ಮೂರರ ಗಡಿಗಳೂ ಕೂಡುವುದು ನೀರಿನ ನಡುವೆಯೇ. ಅಲ್ಲಿ ಗಡಿಕಲ್ಲು ನೆಡುವಂತಿಲ್ಲ, ಮೀನುಗಳಿಗೆ ರಹದಾರಿಯೂ ಬೇಕಿಲ್ಲ. 1946ರಿಂದ 1949ರವರೆಗಿನ ಅಂತರ್ಯುದ್ಧ ಈ ಸೀಮೆಯ ಹಳ್ಳಿಗಳನ್ನು ಬರಿದು ಮಾಡಿತು. ಗಡಿ ದಾಟಿ ಹೋದವರಲ್ಲಿ ಬಹುಮಂದಿ ಹಿಂದಿರುಗಲೇ ಇಲ್ಲ.

ಇಷ್ಟು ಚಿಕ್ಕ ಊರಿನ ಮೇಲೆ ಎಷ್ಟು ಅಂತಸ್ತುಗಳ ಆಡಳಿತ! ಊರಿಗೊಬ್ಬ ಚುನಾಯಿತ ಅಧ್ಯಕ್ಷನುಂಟು. ಅವನ ಮೇಲೆ ಪ್ರೆಸ್ಪೆಸ್ ಪೌರಸಭೆ. ಅದರ ಕಚೇರಿ ಲೆಮೋಸ್ ಎಂಬ ಇನ್ನೊಂದು ಹಳ್ಳಿಯಲ್ಲಿ. 1997ರ ಕಾನೂನು ಸಣ್ಣ ಗ್ರಾಮಗಳನ್ನು ಒಟ್ಟುಗೂಡಿಸಿತು. 2011ರಲ್ಲಿ ಎರಡನೆಯ ಸಲ ಕೂಡಿಸಿದಾಗ ಆಲ್ಬೇನಿಯದ ಗಡಿದಾರಿಯ ಕ್ರಿಸ್ತಲೋಪಿಗಿಯೂ ಇದೇ ಪೌರಸಭೆಗೆ ಸೇರಿತು. ಜಿಲ್ಲಾಸ್ಥಳವಾದ ಫ್ಲೋರಿನಕ್ಕೆ ಪಿಸೋದೆರಿ ಘಟ್ಟ ದಾಟಬೇಕು. ಪ್ರಾಂತದ ಚುನಾಯಿತ ಮಂಡಲಿ ಇರುವುದು ಕೊಜಾನಿಯಲ್ಲಿ. ಅಲ್ಲಿಗೂ ಮುಗಿಯದು. ಕೇಂದ್ರ ಸರ್ಕಾರ ನೇಮಿಸುವ ಅಧಿಕಾರಿಯ ಕಚೇರಿ ಪಿಂಡಸ್ ಪರ್ವತಗಳಾಚೆಯ ಯೊಆನಿನದಲ್ಲಿ. ಖರ್ಚಿನ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೆ ಕಚೇರಿ ದೂರವಾದಷ್ಟೂ ಮುದುಕರ ಅಹವಾಲು ಮೆತ್ತಗಾಗುತ್ತದೆ.

ಇನ್ನು ನೀರು. ಈ ಸರೋವರದಿಂದ ಹೊರಗೆ ಹರಿಯುವ ನದಿ ಒಂದೂ ಕಾಣುವುದಿಲ್ಲ. ಸುಣ್ಣಕಲ್ಲಿನ ಬೆಟ್ಟದ ಒಡಲಲ್ಲಿ ನುಸುಳಿದ ನೀರು, ಸುಮಾರು 150 ಮೀಟರ್ ತಗ್ಗಿನಲ್ಲಿರುವ ಓಹ್ರಿದ್ ಸರೋವರದ ಬಳಿ ಬುಗ್ಗೆಗಳಾಗಿ ಏಳುತ್ತದೆ. ಕಳೆದ ಕೆಲವು ದಶಕಗಳಲ್ಲಿ ಪ್ರೆಸ್ಪಾದ ನೀರು ಹಲವು ಮೀಟರ್ ಇಳಿದಿದೆ. ಮಳೆಹಿಮಗಳು ಕಡಮೆಯಾದುದೂ ಬೇಸಾಯಕ್ಕೆ ನೀರೆತ್ತುವುದೂ ಇದಕ್ಕೆ ಕಾರಣಗಳೆನ್ನುತ್ತಾರೆ. ಬೆಸ್ತರ ಊರಿನ ಮುಂದಿನ ದಡ ಹಿಂದೆ ಸರಿದರೆ ಲೆಮೋಸಿನ ಪೌರಸಭೆ ಒಂದೇ ಮಾಡುವುದೇನು? 2000ದಲ್ಲಿ ಮೂರು ದೇಶಗಳ ಪ್ರಧಾನಮಂತ್ರಿಗಳು ಇಡೀ ಜಲಾನಯನವನ್ನು ಒಂದು ರಕ್ಷಿತ ವನವೆಂದು ಸಾರಿದರು. 2010ರಲ್ಲಿ ಯೂರೋಪಿನ ಒಕ್ಕೂಟವನ್ನೂ ಸೇರಿಸಿಕೊಂಡು ಒಪ್ಪಂದವಾಯಿತು. ಅದು ಜಾರಿಗೆ ಬಂದುದು 2019ರಲ್ಲಿ, ಹೆಸರಿನ ವ್ಯಾಜ್ಯ ತೀರಿದ ಬಳಿಕ.