ಸೌಂದರ್ಯ ಚಿಕಿತ್ಸೆಯ ಒಳವ್ಯವಸ್ಥೆ

ಸೌಂದರ್ಯ ಚಿಕಿತ್ಸೆಯನ್ನು ನಾವು ಹೊಸ ಕಾಲದ ಸೃಷ್ಟಿಯೆಂದು ಭಾವಿಸುತ್ತೇವೆ. ಅದರ ಬೇರೊಂದು ನಮ್ಮ ನೆಲದಲ್ಲೇ ಇದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕಾಗಿ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿಯ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ವೃತ್ತಾಂತವನ್ನು ಅಚ್ಚುಹಾಕಿತು. 1814ರಲ್ಲಿ ಅಲ್ಲಿನ ಕಾರ್ಪ್ಯೂ ಎಂಬ ವೈದ್ಯ ಅದೇ ಕ್ರಮವನ್ನು ಅನುಸರಿಸಿದ. ಅಲ್ಲಿ ಕೊರತೆ ಯಾವುದೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ನಿದರ್ಶನವನ್ನು ನೋಡಿ. ಕೆಟ್ಟ ಆಹಾರದಲ್ಲಿ ಹುಟ್ಟಿ ಪ್ರಾಣವನ್ನೇ ತೆಗೆಯಬಲ್ಲ ಬೊಟುಲಿನಮ್ ವಿಷವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಬಳಸಿ ಮೆಳ್ಳೆಗಣ್ಣನ್ನೂ ರೆಪ್ಪೆಯ ಸೆಳೆತವನ್ನೂ ಗುಣಪಡಿಸಲು ಅಮೆರಿಕದ ಔಷಧ ನಿಯಂತ್ರಕರು 1989ರಲ್ಲಿ ಒಪ್ಪಿದರು. 2002ರಲ್ಲಿ ಹುಬ್ಬುಗಳ ನಡುವಣ ಗೆರೆಗಳನ್ನು ಅಳಿಸುವುದಕ್ಕೂ ಅದಕ್ಕೆ ಒಪ್ಪಿಗೆ ದೊರೆಯಿತು. ಮೆಳ್ಳೆಗಣ್ಣಿನವರು ಕೆಲವರು, ಸುಕ್ಕು ಬಾರದವರು ಯಾರು? ಅದರ ಪರಿಣಾಮವೂ ಮೂರು ನಾಲ್ಕು ತಿಂಗಳಷ್ಟೇ. ಬಂದವರು ಮತ್ತೆ ಬರಲೇಬೇಕು. ರೋಗಿಯು ಗಿರಾಕಿಯಾದದ್ದು ಹೀಗೆ.

ಈ ಉದ್ಯಮದ ಕಟ್ಟಡವನ್ನು ಗಮನಿಸಿದರೆ ನನಗೆ ಕಾಣುವುದಿಷ್ಟು. ಸಾಮಾನ್ಯ ಚಿಕಿತ್ಸೆಯಲ್ಲಿ ಹಲವು ಕಣ್ಣುಗಳ ಕಾವಲಿದೆ. ಒಬ್ಬ ವೈದ್ಯರು ಇನ್ನೊಬ್ಬರಲ್ಲಿಗೆ ಚೀಟಿ ಕೊಟ್ಟು ಕಳಿಸುತ್ತಾರೆ. ವಿಮೆಯವರು ‘ಇದು ಅಗತ್ಯವೇ?’ ಎಂದು ಕೇಳುತ್ತಾರೆ. ಅವರ ಜಿಪುಣತನವೂ ಒಂದು ಬಗೆಯ ಕಾವಲೇ. ಸೌಂದರ್ಯ ಚಿಕಿತ್ಸೆಗೆ ಯಾರ ಚೀಟಿಯೂ ಬೇಡ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಮೊದಲಾದ ಕಾರಣಗಳಿಲ್ಲದಿದ್ದರೆ ವಿಮೆಯೂ ಇಲ್ಲ. ವೈದ್ಯಸೇವೆಗೆ ಜಿ.ಎಸ್.ಟಿ.ಯಿಂದ ವಿನಾಯಿತಿ ಕೊಡುವ ಸರ್ಕಾರವೂ ಕೇವಲ ಚೆಲುವಿಗಾಗಿ ಮಾಡುವ ಶಸ್ತ್ರಕ್ರಿಯೆಯನ್ನು ಹೊರಗಿಟ್ಟಿದೆ. ಉಳಿದವರು ಇಬ್ಬರೇ: ಮಾರುವವರು, ಕೊಳ್ಳುವವರು.

ಮಾರುವವರ ಹಿಂದೆ ಔಷಧ ಮತ್ತು ಯಂತ್ರಗಳ ಕಂಪನಿಗಳಿವೆ. ಎಷ್ಟೋ ವೇಳೆ ಯಂತ್ರವನ್ನು ಮಾರಿದವರೇ ಅದರ ಬಳಕೆಯನ್ನೂ ಕಲಿಸುತ್ತಾರೆ. ಸಾಲ ಮಾಡಿ ಕೊಂಡ ಲೇಸರ್ ಯಂತ್ರ ಸುಮ್ಮನೆ ಕುಳಿತಿರಲಾಗದು. ಕೊಳ್ಳುವವರ ಮುಂದಾದರೋ ಜಾಹೀರಾತಿನ ಮುಖ, ಕಂತಿನ ಸೌಲಭ್ಯ. ಹೀಗೆ ಕೊರತೆಯನ್ನು ಎತ್ತಿ ತೋರಿಸುವವರೂ ಪರಿಹಾರವನ್ನು ಮಾರುವವರೂ ಫಲ ಚೆನ್ನಾಗಿದೆಯೆಂದು ಹೇಳುವವರೂ ಒಬ್ಬರೇ ಆಗಿಬಿಡುತ್ತಾರೆ.

ಇದರ ಬೆಲೆ ಬರಿಯ ಹಣವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ನಂತರ ಕನ್ನಡ ಕಿರುತೆರೆಯ ತರುಣ ನಟಿಯೊಬ್ಬರು ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಕಾರ್ಯಾಗಾರಗಳಲ್ಲೋ ಯೂಟ್ಯೂಬಿನಲ್ಲೋ ನೋಡಿದ್ದು ಕೂದಲು ಕಸಿಯಂಥ ಚಿಕಿತ್ಸೆಗಳಿಗೆ ಸಾಕಾದ ತರಬೇತಿಯಲ್ಲವೆಂದು ಹೇಳಬೇಕಾಯಿತು. ಹೇಳಬೇಕಾಗಿ ಬಂದುದೇ ಸ್ಥಿತಿಯನ್ನು ತಿಳಿಸುತ್ತದೆ.

ಚೆಲುವಿನ ಆಸೆಯನ್ನು ನಾನು ಹಳಿಯಲಾರೆ. ಕಾಡಿಗೆ, ಗಂಧಗಳು ನಮ್ಮ ಅಜ್ಜಿಯರಿಗೂ ಪ್ರಿಯವಾಗಿದ್ದವು. ನನ್ನ ಮಾತು ಇಷ್ಟೇ: ಮೈಗೆ ಸೂಜಿಯೋ ಕತ್ತಿಯೋ ತಾಗುವ ಮುನ್ನ, ಆ ಚಿಕಿತ್ಸೆಯಿಂದ ಒಂದು ಕಾಸೂ ದೊರೆಯದ ವೈದ್ಯರೊಬ್ಬರನ್ನು ವಿಚಾರಿಸಿ. ‘ನಿಮಗೆ ಇದು ಬೇಡ’ ಎನ್ನುವ ಸ್ವಾತಂತ್ರ್ಯ ಅವರಿಗಾದರೂ ಇರುತ್ತದೆ.